ಸೆಪ್ಸಿಸ್: ನಂಜು ಕಿಡ್ನಿ, ಶ್ವಾಸಕೋಶಕ್ಕೆ ಇಳಿಯದಂತೆ ನರ್ಸ್ ಕಾಯುವುದು ಹೇಗೆ?

"ಉರಿಮೂತ್ರ ಅಂತ ಅಡ್ಮಿಟ್ ಮಾಡಿದ್ವಿ. ಈಗ ಕಿಡ್ನಿ ಕೆಲಸ ಮಾಡ್ತಿಲ್ಲ, ಡಯಾಲಿಸಿಸ್ ಬೇಕಾಗಬಹುದು ಅಂತಿದಾರೆ. ಎರಡೇ ದಿನದಲ್ಲಿ ಅದು ಹೇಗೆ?" ಬೆಂಗಳೂರಿನ ಯಾವ ದೊಡ್ಡ ಆಸ್ಪತ್ರೆಯ ಐಸಿಯು ಮುಂದೆ ನಿಂತರೂ ಕಿವಿಗೆ ಬೀಳುವ ಪ್ರಶ್ನೆ ಇದು. ಕೋಲಾರದಿಂದಲೋ ತುಮಕೂರಿನಿಂದಲೋ ಮಂಡ್ಯದಿಂದಲೋ ರೆಫರ್ ಆಗಿ ಬಂದ ರೋಗಿಯ ಮನೆಯವರಿಗೆ ಒಳಗೆ ನಡೆಯುತ್ತಿರುವುದು ಕಾಣುವುದಿಲ್ಲ. ಅವರ ಕೈಗೆ ಸಿಗುವುದು "ಸೆಪ್ಸಿಸ್" ಎಂಬ ಒಂದು ಪದ, ಆಮೇಲೆ "ಮಲ್ಟಿ ಆರ್ಗನ್", ಅಂದರೆ ಹಲವು ಅಂಗಗಳು ಸೋಲುತ್ತಿವೆ ಎಂಬ ಇನ್ನೊಂದು. ಆ ಎರಡು ಪದಗಳ ನಡುವೆ ಕೆಲವು ಗಂಟೆಗಳಿರುತ್ತವೆ. ಅಷ್ಟು ಹೊತ್ತೂ ರೋಗಿಯ ಪಕ್ಕದಲ್ಲಿ ಬಿಡದೆ ಇರುವವರು ನರ್ಸ್. ಅವರು ಏನನ್ನು ಎಣಿಸುತ್ತಾರೆ, ಏನನ್ನು ಅಳೆಯುತ್ತಾರೆ, ಯಾವುದನ್ನು ಕಂಡರೆ ಡಾಕ್ಟರನ್ನು ನಿದ್ದೆಯಿಂದ ಎಬ್ಬಿಸುತ್ತಾರೆ ಎಂಬುದನ್ನು ತಿಳಿದರೆ ಐಸಿಯು ಒಳಗಿನ ಅರ್ಧ ಕಥೆ ಅರ್ಥವಾಗುತ್ತದೆ.

ನಂಜು, ಸೆಪ್ಟಿಕ್, ಸೆಪ್ಸಿಸ್

ನಮ್ಮ ಮಾತಿನಲ್ಲಿ ನಂಜು ಎಂಬುದಕ್ಕೆ ಅರ್ಥ ಹಲವು. ಗಾಯ ಕೀವಾದರೂ ನಂಜು, ಬಾಣಂತಿಗೆ ಬದನೆಕಾಯಿ ಕೊಟ್ಟರೂ ನಂಜು. ಗಾಯ ಬಾತುಕೊಂಡು ಕೀವು ತುಂಬಿದರೆ "ಸೆಪ್ಟಿಕ್ ಆಗಿದೆ" ಎನ್ನುತ್ತೇವೆ. ಸೆಪ್ಸಿಸ್ ಇದಕ್ಕಿಂತ ಬೇರೆ. ದೇಹದಲ್ಲಿ ಎಲ್ಲೋ ಒಂದು ಕಡೆ ಸೋಂಕು ಇರುತ್ತದೆ. ಅದನ್ನು ಎದುರಿಸಲು ಹೊರಟ ದೇಹದ ರಕ್ಷಣಾ ವ್ಯವಸ್ಥೆ ಹದ ತಪ್ಪಿ ತನ್ನದೇ ಅಂಗಾಂಗಗಳಿಗೆ ಏಟು ಹಾಕತೊಡಗುತ್ತದೆ. 2016ರಲ್ಲಿ ತಜ್ಞರು ಒಪ್ಪಿದ ವ್ಯಾಖ್ಯೆಯ ಸಾರ ಇದೇ. ಅಂದರೆ ಸೆಪ್ಸಿಸ್ ಎಂದು ಬರೆದ ಕ್ಷಣಕ್ಕೇ ಯಾವುದೋ ಒಂದು ಅಂಗದ ಕೆಲಸ ಕುಂದಿದೆ ಎಂದರ್ಥ. ನರ್ಸಿಂಗ್ ಆರೈಕೆ ತಡೆಯಲು ಹೊರಡುವುದು ಆ ಕುಂದು ಕುಸಿತವಾಗುವುದನ್ನು.

ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲೇ ಬಿಡಿಸಬೇಕು. ರಕ್ತದಲ್ಲಿ ರೋಗಾಣು ಸಿಕ್ಕರಷ್ಟೇ ಸೆಪ್ಸಿಸ್ ಎಂದೇನಿಲ್ಲ. ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಪರೀಕ್ಷೆಯಲ್ಲಿ ಎಷ್ಟೋ ರೋಗಿಗಳಿಗೆ ಏನೂ ಬೆಳೆಯುವುದಿಲ್ಲ. ಜ್ವರ ಇರಲೇಬೇಕೆಂದೂ ಇಲ್ಲ. ವಯಸ್ಸಾದವರಲ್ಲಿ, ಹಸುಗೂಸುಗಳಲ್ಲಿ ಮೈ ತಣ್ಣಗಾಗುವುದೇ ಲಕ್ಷಣವಾಗಿರಬಹುದು. ಸೋಂಕಿನ ಮೂಲ ಹೆಚ್ಚಾಗಿ ಶ್ವಾಸಕೋಶ, ಮೂತ್ರನಾಳ, ಹೊಟ್ಟೆ ಇಲ್ಲವೇ ಚರ್ಮ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಹೆರಿಗೆಯ ನಂತರದ ಗರ್ಭಕೋಶದ ಸೋಂಕು, ಇಲಿಜ್ವರ ಇವೂ ಇಲ್ಲಿಗೆ ತಂದು ನಿಲ್ಲಿಸುತ್ತವೆ. 2017ರಲ್ಲಿ ಜಗತ್ತಿನಾದ್ಯಂತ ಸುಮಾರು 4.89 ಕೋಟಿ ಜನರಿಗೆ ಸೆಪ್ಸಿಸ್ ಆಯಿತು, 1.1 ಕೋಟಿ ಸಾವುಗಳ ಹಿಂದೆ ಅದಿತ್ತು ಎಂಬುದು ಜಾಗತಿಕ ಅಂದಾಜು.

ಅಂಗಗಳು ಸೋಲುವುದು ಏಕೆ?

ಕಾವೇರಿ ನೀರು ಬಿಡುವ ದಿನವನ್ನು ನೆನಪಿಸಿಕೊಳ್ಳಿ. ವಾಲ್ವ್ ತೆರೆದಿದ್ದಾರೆ, ಪೈಪಿನಲ್ಲಿ ನೀರಿದೆ. ಆದರೆ ಕ್ರಾಸಿನ ಎಲ್ಲ ಮನೆಗಳ ನಲ್ಲಿಗಳೂ ಒಟ್ಟಿಗೇ ತೆರೆದಿವೆ, ನಡುವೆ ಎರಡು ಕಡೆ ಪೈಪ್ ಸೋರುತ್ತಿದೆ. ಕೊನೆಯ ಮನೆಯ ಸಂಪಿಗೆ ನೀರು ಏರುವುದೇ ಇಲ್ಲ. ಸೆಪ್ಸಿಸ್‌ನಲ್ಲಿ ಆಗುವುದು ಹೆಚ್ಚುಕಡಿಮೆ ಇದೇ. ರಕ್ತನಾಳಗಳು ಅಗಲವಾಗಿ ಒತ್ತಡ ಕುಸಿಯುತ್ತದೆ. ನಾಳಗಳ ಗೋಡೆ ಸಡಿಲವಾಗಿ ರಕ್ತದ ನೀರಿನಂಶ ಹೊರಗೆ ಜಿನುಗುತ್ತದೆ. ಮೈ ಊದಿಕೊಂಡಿದ್ದರೂ ನಾಳದೊಳಗೆ ಬರ. ಇದರ ಜೊತೆಗೆ ಕೂದಲೆಳೆಯಷ್ಟು ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ.

ದೇಹ ಆಗ ಒಂದು ಆಯ್ಕೆ ಮಾಡಿಕೊಳ್ಳುತ್ತದೆ. ಮೆದುಳು, ಹೃದಯಕ್ಕೆ ರಕ್ತ ಉಳಿಸಲು ಚರ್ಮ, ಕರುಳು, ಕಿಡ್ನಿಯ ಪಾಲನ್ನು ಕಡಿತ ಮಾಡುತ್ತದೆ. ಕ್ರಾಸಿನ ಕೊನೆಯ ಮನೆಗಳು ಇವು. ಅದಕ್ಕೇ ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು ಮೊದಲು ಕಾಣಿಸುತ್ತದೆ. ಆಮ್ಲಜನಕ ಸಾಲದ ಜೀವಕೋಶಗಳು ಲ್ಯಾಕ್ಟೇಟ್ ಎಂಬ ಆಮ್ಲದ ಅಂಶವನ್ನು ರಕ್ತಕ್ಕೆ ಬಿಡುತ್ತವೆ. ಇದು ಲೀಟರಿಗೆ 2 ಮಿಲಿಮೋಲ್ ದಾಟಿದರೆ ಎಚ್ಚರ, 4 ಮುಟ್ಟಿದರೆ ಅಪಾಯ. ಬಿಪಿ ಸರಿಯಿದ್ದೂ ಲ್ಯಾಕ್ಟೇಟ್ ಏರಿದ್ದರೆ ಕೊನೆಯ ಮನೆಗಳಿಗೆ ನೀರು ತಲುಪುತ್ತಿಲ್ಲ ಎಂದೇ ತಿಳಿಯಬೇಕು.

ಬಿಪಿ ನೋಡುವಾಗಲೂ ಮೇಲಿನ ಸಂಖ್ಯೆಯೊಂದನ್ನೇ ನೆಚ್ಚಿಕೊಂಡರೆ ಮೋಸ ಹೋಗುತ್ತೇವೆ. ನರ್ಸ್‌ಗಳು "ಮ್ಯಾಪ್" ಎನ್ನುವ ಸರಾಸರಿ ಒತ್ತಡ ಕನಿಷ್ಠ 65 ಇರಬೇಕು. ಲೆಕ್ಕ ಸುಲಭ: ಕೆಳಗಿನ ಸಂಖ್ಯೆಯ ಎರಡರಷ್ಟಕ್ಕೆ ಮೇಲಿನ ಸಂಖ್ಯೆ ಕೂಡಿಸಿ ಮೂರರಿಂದ ಭಾಗಿಸಿ. 92/60 ಇದ್ದರೆ ಮ್ಯಾಪ್ ಸುಮಾರು 71. 104/44 ಇದ್ದರೆ 64. ಮೇಲ್ನೋಟಕ್ಕೆ ಎರಡನೆಯದು ವಾಸಿ ಎನಿಸುತ್ತದೆ, ಕಿಡ್ನಿಗೆ ಕಷ್ಟವಾಗುವುದು ಅದರಲ್ಲೇ.

ಬಿಪಿ ಬೀಳುವ ಮುಂಚಿನ ನಾಲ್ಕು ಗಂಟೆ

ಉರಿಮೂತ್ರ, ಚಳಿಜ್ವರ ಎಂದು ವಾರ್ಡಿಗೆ ಸೇರಿದ 60 ಕೆ.ಜಿ. ತೂಕದ ಮಹಿಳೆಯೊಬ್ಬರ ಚಾರ್ಟ್ ಹೀಗಿದೆ ಎಂದುಕೊಳ್ಳಿ. ಬೆಳಗ್ಗೆ 8ಕ್ಕೆ ನಾಡಿ 96, ಉಸಿರು 20, ಮೇಲಿನ ಬಿಪಿ 118, ಆ ಗಂಟೆಯ ಮೂತ್ರ 50 ಎಂ.ಎಲ್. 10ಕ್ಕೆ ನಾಡಿ 108, ಉಸಿರು 24, ಬಿಪಿ 112, ಮೂತ್ರ 35. ಮಧ್ಯಾಹ್ನ 12ಕ್ಕೆ ನಾಡಿ 118, ಉಸಿರು 28, ಬಿಪಿ 106, ಮೂತ್ರ 20. ಮೂರೂ ಹೊತ್ತಿನಲ್ಲಿ ಬಿಪಿ ನೂರರ ಮೇಲೇ ಇದೆ. ಬಿಪಿಯೊಂದನ್ನೇ ನೋಡಿ ಹೋದವರಿಗೆ "ಸ್ಟೇಬಲ್". ಆದರೆ ಹಲವು ಆಸ್ಪತ್ರೆಗಳು ಬಳಸುವ ನ್ಯೂಸ್ ಎಂಬ ಎಚ್ಚರಿಕೆ ಅಂಕಪಟ್ಟಿಯಲ್ಲಿ ನಾಡಿ, ಉಸಿರು, ಬಿಪಿ ಮೂರನ್ನೇ ಕೂಡಿಸಿದರೂ ಅಂಕ 1ರಿಂದ 3ಕ್ಕೆ, 3ರಿಂದ 6ಕ್ಕೆ ಏರಿದೆ. 5 ಆದರೆ ಡಾಕ್ಟರ್ ತುರ್ತಾಗಿ ಬಂದು ನೋಡಬೇಕು, 7 ಆದರೆ ಐಸಿಯು ತಂಡವೇ ಬರಬೇಕು ಎಂಬುದು ಆ ಪಟ್ಟಿಯ ನಿಯಮ. ಒಂದೊಂದು ಅಂಕಿಗಿಂತ ಅಂಕಿಗಳು ಯಾವ ಕಡೆಗೆ ಹೊರಟಿವೆ ಎಂಬುದು ಮುಖ್ಯ. ಸೆಪ್ಸಿಸ್ ಆರೈಕೆಯಲ್ಲಿ ಇದಕ್ಕಿಂತ ದೊಡ್ಡ ವಿದ್ಯೆ ಇನ್ನೊಂದಿಲ್ಲ.

ಉಸಿರನ್ನು ಎಣಿಸುವುದು ಇದ್ದುದರಲ್ಲಿ ಅತ್ಯಂತ ಅಗ್ಗದ ಪರೀಕ್ಷೆ, ಅತಿ ಹೆಚ್ಚು ಅಸಡ್ಡೆಗೆ ಒಳಗಾದದ್ದೂ ಹೌದು. ವಾರ್ಡಿನ ಎಲ್ಲ ಚಾರ್ಟ್‌ಗಳಲ್ಲೂ ಉಸಿರಾಟ 20 ಎಂದೇ ಬರೆದಿದ್ದರೆ ಯಾರೂ ಎಣಿಸಿಲ್ಲ ಎಂದರ್ಥ. ಪೂರ್ತಿ 60 ಸೆಕೆಂಡ್, ನಾಡಿ ಹಿಡಿದಂತೆ ಕೈ ಇಟ್ಟುಕೊಂಡು, ರೋಗಿಗೆ ಗೊತ್ತಾಗದಂತೆ ಎದೆಯ ಏರಿಳಿತ ಎಣಿಸಬೇಕು. ರಕ್ತದಲ್ಲಿ ಆಮ್ಲ ಹೆಚ್ಚಿದಾಗ ಅದನ್ನು ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ಹೊರಹಾಕಲು ದೇಹ ವೇಗವಾಗಿ ಉಸಿರಾಡುತ್ತದೆ. ಆದ್ದರಿಂದ ಶ್ವಾಸಕೋಶ ಚೆನ್ನಾಗಿದ್ದರೂ ಉಸಿರಿನ ಸಂಖ್ಯೆ ಏರುತ್ತದೆ. 22 ದಾಟಿದರೆ ಕಾರಣ ಹುಡುಕಲೇಬೇಕು.

ಮೂತ್ರದ ಲೆಕ್ಕ ಗಂಟೆಗೊಮ್ಮೆ ಬೇಕು. ತೂಕದ ಪ್ರತಿ ಕೆ.ಜಿ.ಗೆ ಗಂಟೆಗೆ 0.5 ಎಂ.ಎಲ್. ಕನಿಷ್ಠ, 60 ಕೆ.ಜಿ. ಇದ್ದರೆ 30 ಎಂ.ಎಲ್. ಆರು ಗಂಟೆ ಇದಕ್ಕಿಂತ ಕಡಿಮೆಯಾದರೆ ಕಿಡ್ನಿಗೆ ಏಟು ಬಿದ್ದಿದೆ ಎಂದೇ ಲೆಕ್ಕ. ಎರಡು ಲೀಟರಿನ ಸಾದಾ ಬ್ಯಾಗಿನಲ್ಲಿ 20ಕ್ಕೂ 35ಕ್ಕೂ ವ್ಯತ್ಯಾಸ ಕಾಣದು, ಸಣ್ಣ ಗೆರೆಗಳಿರುವ ಯೂರೋಮೀಟರ್ ಬೇಕು. ಮೂತ್ರ ನಿಂತಿದೆ ಎನಿಸಿದರೆ ಮೊದಲು ಟ್ಯೂಬ್ ಮಡಿಚಿದೆಯೇ, ರೋಗಿಯ ತೊಡೆಯ ಕೆಳಗೆ ಸಿಕ್ಕಿಕೊಂಡಿದೆಯೇ, ಕಿಬ್ಬೊಟ್ಟೆ ಉಬ್ಬಿದೆಯೇ ನೋಡಬೇಕು. ಅದಾವುದೂ ಇಲ್ಲದಿದ್ದರೆ ಎರಡನೇ ಗಂಟೆಗೇ ಡಾಕ್ಟರಿಗೆ ಹೇಳಬೇಕು. ಆರು ಗಂಟೆ ಮುಗಿಯಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಚರ್ಮವೂ ಮಾತಾಡುತ್ತದೆ. ಬೆರಳ ತುದಿಯನ್ನು ಬಿಳಿಚುವಷ್ಟು ಒತ್ತಿ 10 ಸೆಕೆಂಡ್ ಹಿಡಿದು ಬಿಟ್ಟರೆ 3 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ತಡವಾದರೆ ಸಣ್ಣ ನಾಳಗಳಲ್ಲಿ ಹರಿವು ಸಾಲದು. ಮೊಣಕಾಲ ಚಿಪ್ಪಿನ ಸುತ್ತ ಬಲೆಯಂತೆ ಮೂಡುವ ನೀಲಿ ಕಲೆಗಳು ಕೆಟ್ಟ ಸೂಚನೆ. ನಮ್ಮ ಕಂದು ಚರ್ಮದ ಮೇಲೆ ಅವು ಸುಲಭಕ್ಕೆ ಕಾಣವು, ಒಳ್ಳೆಯ ಬೆಳಕಿನಲ್ಲಿ ಹುಡುಕಬೇಕು.

ಇನ್ನು ಪ್ರಜ್ಞೆ. ಹೊಸದಾಗಿ ಗೊಂದಲ ಶುರುವಾದರೆ ನ್ಯೂಸ್ ಪಟ್ಟಿಯಲ್ಲಿ ಅದೊಂದಕ್ಕೇ 3 ಅಂಕ. ಬೆಂಗಳೂರಿನಲ್ಲಿ ರೋಗಿಯ ಭಾಷೆ ಒಂದು, ನರ್ಸ್ ಭಾಷೆ ಇನ್ನೊಂದು ಆಗಿರುವುದು ಸಾಮಾನ್ಯ. ಅಜ್ಜಿ ತೆಲುಗಿನಲ್ಲಿ ತಪ್ಪು ಉತ್ತರ ಕೊಟ್ಟರೆ ಮಲಯಾಳ ಬಲ್ಲ ಸಿಸ್ಟರ್‌ಗೆ ತಿಳಿಯುವುದು ಹೇಗೆ? ಇಲ್ಲಿ ಮನೆಯವರ ಮಾತೇ ಮಾಪನ. "ಅಮ್ಮ ಎಂದಿನ ಹಾಗಿಲ್ಲ, ನನ್ನ ಹೆಸರು ತಪ್ಪು ಹೇಳ್ತಿದಾರೆ" ಎಂದರೆ ಅನುಭವಿ ನರ್ಸ್ ಅದನ್ನು ಚಾರ್ಟಿನಲ್ಲಿ ಬರೆಯುತ್ತಾರೆ.

ಮೊದಲ ಗಂಟೆ ಹೋಗುವುದು ಎಲ್ಲಿ?

ಸಂಶಯ ಬಂದ ಕೂಡಲೇ ಆಗಬೇಕಾದ ಕೆಲಸಗಳು ಐದು: ಲ್ಯಾಕ್ಟೇಟ್ ಪರೀಕ್ಷೆ, ಬ್ಲಡ್ ಕಲ್ಚರ್, ಆಂಟಿಬಯಾಟಿಕ್, ಡ್ರಿಪ್, ಅಗತ್ಯವಿದ್ದರೆ ಬಿಪಿ ಏರಿಸುವ ಔಷಧ. ಆದೇಶ ಕೊಡುವವರು ಡಾಕ್ಟರ್, ಗಡಿಯಾರದ ಜೊತೆ ಓಡುವವರು ನರ್ಸ್.

ಎರಡು ತೋಳಿಗೆ ಎರಡು ದಪ್ಪ ಕ್ಯಾನುಲಾ (ಡ್ರಿಪ್ ಕೊಡಲು ನಾಳದೊಳಗೆ ಇಡುವ ಕೊಳವೆ), ಸಾಧ್ಯವಾದರೆ 18 ಗೇಜ್ ಅಳತೆಯದು. ಕಲ್ಚರ್‌ಗೆ ರಕ್ತ ತೆಗೆಯುವುದು ಆಂಟಿಬಯಾಟಿಕ್‌ಗೆ ಮೊದಲು, ಎರಡು ಬೇರೆ ಬೇರೆ ಜಾಗದಿಂದ, ವಯಸ್ಕರಿಗೆ ಒಂದೊಂದು ಬಾಟಲಿಗೆ 8ರಿಂದ 10 ಎಂ.ಎಲ್. ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಹಚ್ಚಿ ಒಣಗುವ ತನಕ ಕಾಯಬೇಕು, ಆಮೇಲೆ ಬೆರಳಿನಿಂದ ಮುಟ್ಟಬಾರದು. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಸ್ಪಿರಿಟ್‌ನಿಂದ ಒರೆಸಬೇಕು. ಇಲ್ಲಿ ಅವಸರಪಟ್ಟರೆ ಚರ್ಮದ ಮೇಲಿನ ರೋಗಾಣು ಬಾಟಲಿಯಲ್ಲಿ ಬೆಳೆದು, ರೋಗಿಗೆ ಬೇಡದ ಔಷಧ ದಿನಗಟ್ಟಲೆ ಸಿಗುತ್ತದೆ. ಹಾಗೆಂದು ನಾಳ ಸಿಗುತ್ತಿಲ್ಲವೆಂದು ಮುಕ್ಕಾಲು ಗಂಟೆ ಹುಡುಕುತ್ತ ಆಂಟಿಬಯಾಟಿಕ್ ತಡಮಾಡಲೂಬಾರದು.

ಬಿಪಿ ಕುಸಿದ ರೋಗಿಗೆ ಆಂಟಿಬಯಾಟಿಕ್ ಒಂದು ಗಂಟೆಯೊಳಗೆ ಸಿಗಬೇಕು. 2006ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನವೊಂದರಲ್ಲಿ, ಬಿಪಿ ಬಿದ್ದ ಮೊದಲ ಆರು ಗಂಟೆಗಳಲ್ಲಿ ತಡವಾದ ಪ್ರತಿ ಗಂಟೆಗೂ ಬದುಕುಳಿಯುವವರ ಪ್ರಮಾಣ ಸರಾಸರಿ ಶೇ 7.6ರಷ್ಟು ಇಳಿದದ್ದು ಕಂಡಿತ್ತು. ಬಿಪಿ ಸರಿಯಿದ್ದು, ಸೆಪ್ಸಿಸ್ ಹೌದೋ ಅಲ್ಲವೋ ಎಂಬ ಅನುಮಾನವಿದ್ದರೆ ಬೇಗ ಪರೀಕ್ಷೆ ಮುಗಿಸಿ ಮೂರು ಗಂಟೆಯೊಳಗೆ ತೀರ್ಮಾನಿಸಬಹುದು ಎಂಬುದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ. ತಡವಾಗುವುದು ಸಾಮಾನ್ಯವಾಗಿ ಬರೆಯುವುದಕ್ಕೂ ಕೊಡುವುದಕ್ಕೂ ನಡುವೆ: ಚೀಟಿ ರೋಗಿಯ ಕಡೆಯವರ ಕೈಗೆ ಬರುತ್ತದೆ, ಅವರು ಕೆಳಗಿನ ಫಾರ್ಮಸಿಯ ಕ್ಯೂನಲ್ಲಿ ನಿಲ್ಲುತ್ತಾರೆ, ಬಿಲ್ ಆಗಬೇಕು, ಲಿಫ್ಟ್ ಬರಬೇಕು. ಮೊದಲ ಡೋಸ್ ವಾರ್ಡಿನ ಎಮರ್ಜೆನ್ಸಿ ಟ್ರಾಲಿಯಲ್ಲೇ ಇರುವಂತೆ ನೋಡಿಕೊಳ್ಳುವ ನರ್ಸಿಂಗ್ ಇನ್‌ಚಾರ್ಜ್ ಅಲ್ಲಿಯೇ ಅರ್ಧ ಗಂಟೆ ಉಳಿಸುತ್ತಾರೆ. ಎರಡು ಔಷಧ ಬರೆದಿದ್ದರೆ ಡಾಕ್ಟರನ್ನು ಕೇಳಿ, ಹೆಚ್ಚು ಬಗೆಯ ರೋಗಾಣುಗಳಿಗೆ ತಾಗುವ, ನಿಮಿಷಗಳಲ್ಲಿ ಕೊಡಬಹುದಾದದ್ದನ್ನು ಮೊದಲು ಕೊಡುವುದು ಜಾಣತನ. ವ್ಯಾಂಕೊಮೈಸಿನ್‌ನಂಥದು ನಿಧಾನವಾಗಿ ಗಂಟೆಗೂ ಮೀರಿ ಹೋಗಬೇಕಾದ್ದರಿಂದ ಅದನ್ನೇ ಮೊದಲು ಹಾಕಿದರೆ ಇನ್ನೊಂದು ಕಾಯುತ್ತ ಕೂರುತ್ತದೆ.

ಡ್ರಿಪ್ ಲೆಕ್ಕ ಪ್ರತಿ ಕೆ.ಜಿ.ಗೆ 30 ಎಂ.ಎಲ್., ಮೊದಲ ಮೂರು ಗಂಟೆಯೊಳಗೆ. 60 ಕೆ.ಜಿ.ಗೆ 1,800 ಎಂ.ಎಲ್. ರಿಂಗರ್ ಲ್ಯಾಕ್ಟೇಟ್‌ನಂಥ, ರಕ್ತದ ಲವಣಾಂಶಕ್ಕೆ ಹತ್ತಿರವಿರುವ ದ್ರವಕ್ಕೆ ಆದ್ಯತೆ. 500 ಎಂ.ಎಲ್. ಹೋದಂತೆಲ್ಲ ನಿಂತು ನೋಡಬೇಕು: ಬೆರಳ ಬಣ್ಣ ಬೇಗ ಮರಳುತ್ತಿದೆಯೇ, ನಾಡಿ ಇಳಿಯಿತೇ, ಶ್ವಾಸಕೋಶದ ತಳದಲ್ಲಿ ಗೊರಗೊರ ಶುರುವಾಯಿತೇ, ಆಕ್ಸಿಜನ್ ಇಳಿಯುತ್ತಿದೆಯೇ? ಸೋರುವ ಪೈಪಿಗೆ ನೀರು ಬಿಡುತ್ತಲೇ ಇದ್ದರೆ ಹೆಚ್ಚಾದದ್ದೆಲ್ಲ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಹೃದಯ ದುರ್ಬಲವಿದ್ದವರಿಗೆ, ಡಯಾಲಿಸಿಸ್‌ನಲ್ಲಿರುವವರಿಗೆ ಇನ್ನೂ ಎಚ್ಚರ ಬೇಕು. ಮಳೆಗಾಲದಲ್ಲಿ ಒಂದು ಮಾತು ಸೇರಿಸಬೇಕು: ಡೆಂಗೆಯಲ್ಲಿ ದ್ರವ ಕೊಡುವ ಲೆಕ್ಕವೇ ಬೇರೆ, ಈ 30ರ ಸೂತ್ರವನ್ನು ಅಲ್ಲಿಗೆ ತರಬಾರದು.

ನಾರ್‌ಅಡ್ರಿನಲಿನ್ ಪಂಪ್ ಹಿಂದಿನ ಕೆಲಸ

ದ್ರವದಿಂದ ಒತ್ತಡ ಏರದಿದ್ದರೆ ನಾರ್‌ಅಡ್ರಿನಲಿನ್ ಶುರು. ಅಗಲವಾದ ನಾಳಗಳನ್ನು ಬಿಗಿ ಮಾಡುವುದು ಇದರ ಕೆಲಸ. ರಕ್ತದಲ್ಲಿ ಇದು ಉಳಿಯುವುದು ಕೆಲವೇ ನಿಮಿಷ. ಹಾಗಾಗಿ 50 ಎಂ.ಎಲ್. ಸಿರಿಂಜ್ ಖಾಲಿಯಾಗಿ ಪಂಪ್ ಕೂಗಿಕೊಂಡ ಮೇಲೆ ಹೊಸದನ್ನು ತುಂಬಲು ಹೋದರೆ ಅಷ್ಟರಲ್ಲಿ ಬಿಪಿ ನೆಲ ಕಚ್ಚಿರುತ್ತದೆ. ಹಳೆಯದರಲ್ಲಿ ಇನ್ನೂ ಔಷಧ ಇರುವಾಗಲೇ ಎರಡನೇ ಪಂಪಿನಲ್ಲಿ ಹೊಸದನ್ನು ಸಿದ್ಧವಿಟ್ಟು, ಅದು ಹರಿದು ಬಿಪಿ ಹಿಡಿದ ಮೇಲೆ ಹಳೆಯದನ್ನು ಇಳಿಸಬೇಕು. ಅದೇ ಲೈನಿನಲ್ಲಿ ಬೇರೆ ಇಂಜೆಕ್ಷನ್ ಕೊಟ್ಟು ಫ್ಲಶ್ ಮಾಡಿದರೆ ಟ್ಯೂಬಿನಲ್ಲಿದ್ದ ಔಷಧವೆಲ್ಲ ಒಮ್ಮೆಗೇ ನುಗ್ಗಿ ಬಿಪಿ ಇನ್ನೂರು ದಾಟಬಹುದು. ಲೈನಿಗೆ ಎದ್ದು ಕಾಣುವ ಲೇಬಲ್ ಅಂಟಿಸುವುದು ಇದಕ್ಕೇ.

ಕತ್ತಿನ ದೊಡ್ಡ ನಾಳಕ್ಕೆ ಸೆಂಟ್ರಲ್ ಲೈನ್ ಎಂಬ ಕೊಳವೆ ಹಾಕುವ ತನಕ ಕಾಯದೆ ಮೊಣಕೈ ಮಡಿಕೆಯ ಹತ್ತಿರದ ಒಳ್ಳೆಯ ನಾಳದಲ್ಲೇ ಸ್ವಲ್ಪ ಹೊತ್ತು ಇದನ್ನು ಕೊಡಬಹುದು. ಆಗ ಕ್ಯಾನುಲಾ ಜಾಗವನ್ನು ಪದೇ ಪದೇ ನೋಡಬೇಕು. ಸುತ್ತ ಚರ್ಮ ಬಿಳಿಚಿ ತಣ್ಣಗಾದರೆ ಔಷಧ ಹೊರಗೆ ಸೋರಿದೆ. ಬಿಟ್ಟರೆ ಅಲ್ಲಿನ ಚರ್ಮ ಕೊಳೆಯುತ್ತದೆ. ಆ ಲೈನ್ ನಿಲ್ಲಿಸಿ, ಬಿಪಿ ಬೀಳದಂತೆ ಔಷಧವನ್ನು ಬೇರೆ ನಾಳಕ್ಕೆ ಬದಲಿಸಿ, ಡಾಕ್ಟರನ್ನು ಕರೆಯಬೇಕು. ಸೋರಿದ ಕ್ಯಾನುಲಾವನ್ನು ಕೂಡಲೇ ಕೀಳದೆ ಮೊದಲು ಅದರ ಮೂಲಕವೇ ಸಾಧ್ಯವಾದಷ್ಟನ್ನು ಹಿಂದೆಳೆಯುತ್ತಾರೆ.

ಅಪಧಮನಿಯೊಳಗೆ ಇಟ್ಟ ಕೊಳವೆಯಿಂದ (ಲೈನ್) ಬಿಪಿ ನೋಡುವಾಗ ಇನ್ನೊಂದು ಬಲೆ ಇದೆ. ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟದಲ್ಲಿರಬೇಕು, ಅಂದರೆ ನಾಲ್ಕನೇ ಪಕ್ಕೆಲುಬಿನ ಸಂದಿಯ ನೇರಕ್ಕೆ, ಎದೆಯ ಪಕ್ಕದ ನಡುಮಟ್ಟ. ಹಾಸಿಗೆ ಏರಿಸಿ ಇದನ್ನು ಮರೆತರೆ, ಪ್ರತಿ 10 ಸೆಂ.ಮೀ. ಕೆಳಗಾದಾಗ ಸುಮಾರು 7 ಹೆಚ್ಚು ತೋರಿಸುತ್ತದೆ. ನಿಜವಾದ ಮ್ಯಾಪ್ 60 ಇದ್ದರೆ ಮಾನಿಟರ್ 67 ಎನ್ನುತ್ತದೆ. ಹಸಿರು ಅಂಕಿ ನೋಡಿಕೊಂಡು ರಾತ್ರಿಯಿಡೀ ಕಿಡ್ನಿಯನ್ನು ಒಣಗಿಸಿದಂತಾಗುತ್ತದೆ.

ಒಂದೊಂದು ಅಂಗದ ಕಾವಲು

ಶ್ವಾಸಕೋಶಕ್ಕೆ: ತಲೆಯ ಕಡೆ ಹಾಸಿಗೆ 30 ಡಿಗ್ರಿ ಎತ್ತರ. ಬಿಸಿಬಿಸಿ ನೀರು ಕುಡಿಸಲು ಮನೆಯವರು ಆತುರಪಡುತ್ತಾರೆ. ಅರೆಪ್ರಜ್ಞೆಯಲ್ಲಿ ಕುಡಿಸಿದ್ದು ಶ್ವಾಸನಾಳಕ್ಕೆ ಹೋಗುತ್ತದೆ, ನುಂಗುವುದನ್ನು ಪರೀಕ್ಷಿಸದೆ ಬಾಯಿಗೆ ಏನೂ ಬೇಡ. ಬೆರಳು ತಣ್ಣಗಿದ್ದರೆ, ಉಗುರಿಗೆ ಪಾಲಿಶ್ ಇದ್ದರೆ ಆಕ್ಸಿಜನ್ ಅಂಕಿ ತಪ್ಪಬಹುದು, ಕಿವಿಯ ಹಾಲೆಗೆ ಹಾಕಿ ನೋಡುತ್ತಾರೆ. ವೆಂಟಿಲೇಟರ್ ಹಾಕಿದರೆ ಒಂದೊಂದು ಉಸಿರಿನ ಪ್ರಮಾಣವನ್ನು ಎತ್ತರದಿಂದ ಲೆಕ್ಕ ಹಾಕಿದ ಆದರ್ಶ ತೂಕದ ಪ್ರತಿ ಕೆ.ಜಿ.ಗೆ 6 ಎಂ.ಎಲ್.ನ ಆಸುಪಾಸಿನಲ್ಲಿಡುತ್ತಾರೆ. ಸ್ಥೂಲಕಾಯದವರಿಗೆ ಹಾಸಿಗೆಯಲ್ಲಿನ ತೂಕ ಹಿಡಿದು ಲೆಕ್ಕ ಹಾಕಿದರೆ ಶ್ವಾಸಕೋಶ ಹಿಗ್ಗಿ ಹಾಳಾಗುತ್ತದೆ. ಅದಕ್ಕೇ ನರ್ಸ್ ಟೇಪ್ ಹಿಡಿದು ಎತ್ತರ ಅಳೆಯುವುದು.

ಕಿಡ್ನಿಗೆ: ಒತ್ತಡ ಉಳಿಸುವುದರ ಜೊತೆ ವಿಷವಾಗುವುದನ್ನು ತಪ್ಪಿಸಬೇಕು. ಮೆಡಿಕಲ್ ಶಾಪಿನಿಂದ ತಂದ ನೋವಿನ ಮಾತ್ರೆ ನುಂಗಿದ್ದಾರೆಯೇ ಎಂದು ಕೇಳುವುದು ನರ್ಸ್ ಕೇಳುವ ಬಹುಬೆಲೆಯ ಪ್ರಶ್ನೆ. ಡೈಕ್ಲೋಫಿನ್ಯಾಕ್‌ನಂಥವು ಈಗಾಗಲೇ ಬಾಡಿದ ಕಿಡ್ನಿಗೆ ಇನ್ನೊಂದು ಏಟು. ಬಿಪಿ, ಸಕ್ಕರೆಯ ದಿನನಿತ್ಯದ ಮಾತ್ರೆಗಳನ್ನೂ ಡಾಕ್ಟರಿಗೆ ತೋರಿಸದೆ ಮುಂದುವರಿಸಬಾರದು.

ಸಕ್ಕರೆ 180 ಮುಟ್ಟಿದರೆ ಇನ್ಸುಲಿನ್ ಆರಂಭಿಸಿ 144ರಿಂದ 180ರೊಳಗೆ ಇಡುವುದು ರೂಢಿ. ಬಿಪಿ ಕುಸಿದು ಶಾಕ್‌ನಲ್ಲಿರುವವರ ತಣ್ಣನೆ ಬೆರಳಿನಿಂದ ತೆಗೆದ ಹನಿ ಸುಳ್ಳು ಹೇಳಬಹುದಾದ್ದರಿಂದ ಲೈನಿನ ರಕ್ತವನ್ನೇ ಪರೀಕ್ಷಿಸುವುದು ಲೇಸು. ಸೂಜಿ ಚುಚ್ಚಿದ ಜಾಗಗಳಿಂದ ರಕ್ತ ನಿಲ್ಲದೆ ಒಸರುವುದು, ಚರ್ಮದ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆಗಳು ಕಂಡರೆ ಪ್ಲೇಟ್‌ಲೆಟ್ ಕುಸಿಯುತ್ತಿರಬಹುದು. ಕಣ್ಣಿನ ಬಿಳಿ ಭಾಗ ಹಳದಿಯಾದರೆ ಯಕೃತ್ತಿನ ಕಡೆ ನೋಡಬೇಕು.

ಆಸ್ಪತ್ರೆಯಲ್ಲೇ ಬರುವ ಎರಡನೇ ಸೋಂಕು

ಮೊದಲ ಸೋಂಕನ್ನು ಗೆದ್ದ ರೋಗಿ ಆರನೇ ದಿನ ಟ್ಯೂಬಿನ ಮೂಲಕ ಬಂದ ಸೋಂಕಿಗೆ ಸೋಲುವುದಿದೆ. ಸೆಂಟ್ರಲ್ ಲೈನಿನ ಬಾಯಿಯನ್ನು ಪ್ರತಿ ಸಲ ಸ್ಪಿರಿಟ್‌ನಿಂದ 15 ಸೆಕೆಂಡ್ ಉಜ್ಜಿ ಒಣಗಿಸಿ ಬಳಸಬೇಕು. ಯೂರಿನ್ ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ. ಸ್ಕ್ಯಾನಿಂಗ್‌ಗೆ ಕರೆದೊಯ್ಯುವಾಗ ಬ್ಯಾಗನ್ನು ರೋಗಿಯ ಹೊಟ್ಟೆಯ ಮೇಲಿಟ್ಟು ಸ್ಟ್ರೆಚರ್ ತಳ್ಳುವುದು ದಿನನಿತ್ಯ ಕಾಣುವ ತಪ್ಪು. ಬ್ಯಾಗಿನಲ್ಲಿ ನಿಂತ ಮೂತ್ರ ವಾಪಸ್ ಒಳಗೆ ಹರಿಯುತ್ತದೆ. ಮೂತ್ರದ ಟ್ಯೂಬ್ (ಕ್ಯಾಥೆಟರ್) ಇಂದೂ ಬೇಕೇ ಎಂಬ ಪ್ರಶ್ನೆಯನ್ನು ಪ್ರತಿ ಬೆಳಗ್ಗೆ ರೌಂಡ್ಸ್‌ನಲ್ಲಿ ಎತ್ತುವುದೂ ನರ್ಸ್ ಕೆಲಸವೇ.

ಕೀವಿನ ಗಡ್ಡೆ, ಮೂತ್ರನಾಳದಲ್ಲಿ ಸಿಕ್ಕಿದ ಕಲ್ಲು, ಕೊಳೆತ ಕಾಲ್ಬೆರಳು ಒಳಗೇ ಇದ್ದರೆ ಯಾವ ಆಂಟಿಬಯಾಟಿಕ್ಕೂ ಪೂರ್ತಿ ಗೆಲ್ಲದು. ಆಪರೇಷನ್ ಬೇಕೆಂದು ಡಾಕ್ಟರ್ ಹೇಳಿದರೆ "ಸ್ವಲ್ಪ ಸುಧಾರಿಸಲಿ, ಆಮೇಲೆ ನೋಡೋಣ" ಎಂದು ಮನೆಯವರು ಹಿಂಜರಿಯುವುದು ಸಹಜ. ಆದರೆ ಸುಧಾರಿಸಲು ಅದೇ ಅಡ್ಡವಾಗಿರುತ್ತದೆ.

ಮನೆಯವರು ತರಬೇಕಾದ ಮಾಹಿತಿ

ಸೋಂಕಿರುವವರಲ್ಲಿ ಏದುಸಿರು, ಹೊಸ ಗೊಂದಲ, ನಡುಗುವ ಚಳಿ, ತಣ್ಣಗೆ ಬೆವರುವ ಚರ್ಮ, ಅರ್ಧ ದಿನದಿಂದ ಮೂತ್ರವಿಲ್ಲದಿರುವುದು ಕಂಡರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಕರೆ ಮಾಡಿ. ಬೆಂಗಳೂರಿನ ಸಂಜೆಯ ಟ್ರಾಫಿಕ್ಕಿನಲ್ಲಿ ದೂರದ ದೊಡ್ಡ ಹೆಸರಿಗಿಂತ, ಡ್ರಿಪ್ ಮತ್ತು ಆಂಟಿಬಯಾಟಿಕ್ ತಕ್ಷಣ ಶುರುಮಾಡಬಲ್ಲ ಹತ್ತಿರದ ಆಸ್ಪತ್ರೆಯೇ ಮೊದಲ ನಿಲ್ದಾಣವಾಗಲಿ. ಅಲ್ಲಿಂದ ರೆಫರ್ ಆಗುವುದಾದರೆ ಯಾವ ಆಂಟಿಬಯಾಟಿಕ್, ಎಷ್ಟು ಗಂಟೆಗೆ, ಎಷ್ಟು ಬಾಟಲ್ ಡ್ರಿಪ್ ಎಂದು ರೆಫರಲ್ ಚೀಟಿಯಲ್ಲಿ ಬರೆಸಿಕೊಳ್ಳಿ.

ಬಂದ ಕೂಡಲೇ ರೋಗಿಯ ತುರ್ತು ಎಷ್ಟೆಂದು ನೋಡುವ ಟ್ರಯಾಜ್‌ನ ನರ್ಸ್‌ಗೆ ಹೇಳಬೇಕಾದ್ದು ಇಷ್ಟು: ತೂಕ ಎಷ್ಟು, ಕೊನೆಯ ಸಲ ಮೂತ್ರ ಹೋದದ್ದು ಯಾವಾಗ, ಯಾವ ಔಷಧ ಒಗ್ಗುವುದಿಲ್ಲ, ಈ ವಾರ ನುಂಗಿದ ಎಲ್ಲ ಮಾತ್ರೆಗಳು (ಸ್ಟ್ರಿಪ್‌ಗಳನ್ನೇ ತಂದರೆ ಇನ್ನೂ ಒಳ್ಳೆಯದು), ಎಂದಿನ ಮಾತು ನಡೆ ಹೇಗಿತ್ತು. ಜೊತೆಗೆ ನೇರವಾಗಿ ಕೇಳಿ: "ಸಿಸ್ಟರ್, ಇದು ಸೆಪ್ಸಿಸ್ ಇರಬಹುದಾ?"

ಡಿಸ್ಚಾರ್ಜ್ ಆದ ಮೇಲೂ ಕಾಲಿನ ಬಲ ಕುಗ್ಗಿರುವುದು, ನಿದ್ದೆ ಕೆಡುವುದು, ಮರೆವು ವಾರಗಟ್ಟಲೆ ಇರುತ್ತದೆ. ಕಿಡ್ನಿಗೆ ಏಟು ಬಿದ್ದವರು ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನು ಯಾವ ದಿನ ಮತ್ತೆ ಮಾಡಿಸಬೇಕು, ನಿಲ್ಲಿಸಿದ್ದ ಬಿಪಿ ಮಾತ್ರೆಯನ್ನು ಯಾವಾಗ ಮತ್ತೆ ಶುರುಮಾಡಬೇಕು ಎಂಬ ಎರಡು ವಿಷಯಗಳನ್ನು ಡಿಸ್ಚಾರ್ಜ್ ಸಮರಿಯಲ್ಲಿ ಬರೆಸಿಕೊಂಡೇ ಹೊರಡಿ.